ಅಪ್ಪನ ಕೋವಿಗೆ ಮೂರು ಗುಂಡು

ಅಣ್ಣ ತಾನೇ ಬರಲಿಲ್ಲ, ಕೋವಿಯನ್ನು ಡ್ರೈವರನ ಕೈಲಿ ಕಳಿಸಿದ. ಹಾಸುಬಟ್ಟೆಯಲ್ಲಿ ಸುತ್ತಿ ಸೆಣಬಿನ ಹುರಿ ಕಟ್ಟಿದ ಆ ಉದ್ದನೆಯ ಗಂಟನ್ನು ಡ್ರೈವರ್ ಕೆಲಸದ ಮೇಜಿನ ಮೇಲೆ ಇಟ್ಟಾಗ ಅವಳು ಮೊದಲು ಗುರುತು ಹಿಡಿದದ್ದು ಕೋವಿಯನ್ನಲ್ಲ, ಬಟ್ಟೆಯನ್ನು. ಮಾಸಿದ ನೀಲಿ ಅಂಚು, ಒಂದು ಮೂಲೆಯಲ್ಲಿ ಅಮ್ಮ ಹಾಕಿದ ತೇಪೆ. ಅಮ್ಮನ ತೇಪೆಯೂ ಅಣ್ಣನ ಪಾಲಿಗೇ ಹೋಯಿತಲ್ಲ ಅಂದುಕೊಂಡಳು. ಹುರಿಗೆ ಸಿಕ್ಕಿಸಿದ್ದ ಚೀಟಿಯಲ್ಲಿ ಮೂರು ಸಾಲು: ‘ಭಾನುವಾರ ಕ್ಲಬ್ಬಿನಲ್ಲಿ ಹಳೆ ಕೋವಿಗಳ ಸ್ಪರ್ಧೆ. ಪರೀಕ್ಷೆ ಮಾಡಿದ ಪತ್ರ ಬೇಕಂತೆ. ನೋಡಿ ಕೊಡು.’ ಹದಿನೇಳು ವರ್ಷದ ಮೇಲೆ ಅಣ್ಣನ ಬಾಯಿಂದ ಹೊರಟ ಮೊದಲ ಮಾತು ‘ನೋಡಿ ಕೊಡು’. ಹೇಗಿದ್ದೀಯ ಎಂದಿಲ್ಲ, ತಂಗೀ ಎಂದಿಲ್ಲ. ಇಸ್ತ್ರಿಯವನಿಗೆ ಅಂಗಿ ಕಳಿಸುವವರೂ ಇದಕ್ಕಿಂತ ನಾಲ್ಕು ಮಾತು ಹೆಚ್ಚು ಬರೆಯುತ್ತಾರೆ. ಸಿಟ್ಟು ಬರುತ್ತದೆಂದು ಅವಳು ಕಾದಳು. ಬಂದದ್ದು ಸಿಟ್ಟಲ್ಲ, ಒಂದು ಬಗೆಯ ಹಸಿವು.

‘ಯಾರ್ದು?’ ಎಂದ ಮೇಸ್ತ್ರಿ ಒಳಗಿನಿಂದ. ಕೋವಿ ರಿಪೇರಿಯ ಆ ಕಾರ್ಖಾನೆ ಅವನದು, ಪರವಾನಗಿ ಅವನದು, ಪತ್ರದ ಕೆಳಗಿನ ಸಹಿಯೂ ಅವನದು. ಎರಡು ಕಣ್ಣಿಗೂ ಪೊರೆ ಬಂದು ಹತ್ತು ವರ್ಷದಿಂದ ಕಣ್ಣು ಮಾತ್ರ ಅವಳದು.

‘ನಮ್ಮಪ್ಪಂದು.’

‘ನಿಮ್ಮಪ್ಪ ಸತ್ತು ಎಷ್ಟೋ ಕಾಲ ಆಯ್ತಲ್ಲ.’

‘ಹಾಗಾದ್ರೆ ನಮ್ಮಣ್ಣಂದು.’

ಮೇಸ್ತ್ರಿ ಎದ್ದು ಬಂದು ಗಂಟನ್ನು ಬೆರಳಿಂದ ಸವರಿದ. ಅವನಿಗೆ ಕತೆ ಗೊತ್ತು, ಅರ್ಧ. ‘ಕೋವಿ, ನೆಂಟ್ರು, ಎರಡನ್ನೂ ಮುಟ್ಟೋವಾಗ ಒಳಗೆ ಮದ್ದಿದೆ ಅಂತ್ಲೇ ತಿಳ್ಕೊಂಡು ಮುಟ್ಟಬೇಕಮ್ಮ’ ಎಂದು ನಕ್ಕು, ಕೆಮ್ಮಿ, ತನ್ನ ಕುರ್ಚಿಗೆ ಮರಳಿದ.

ಮದ್ದಿತ್ತು. ಕೋವಿಯ ಕುದುರೆಯನ್ನು ಮೆಲ್ಲಗೆ ಎತ್ತಿ, ಅದರಡಿ ಕಿಡಿ ಹಚ್ಚುವ ಕೇಪಿಲ್ಲವೆಂದು ನೋಡಿ, ನಳಿಗೆಯ ಬಾಯಿಯನ್ನು ಗೋಡೆಯ ಕಡೆ ತಿರುಗಿಸಿ ಅವಳು ಮದ್ದು ಗಿಡಿಯುವ ಗಜವನ್ನು ಒಳಗೆ ಬಿಟ್ಟಳು. ಖಾಲಿ ನಳಿಗೆಯ ತಳಕ್ಕೆ ಗಜ ಬಡಿದರೆ ಟಣ್ ಎನ್ನಬೇಕು, ಇದು ತಲೆದಿಂಬಿಗೆ ಗುದ್ದಿದ ಹಾಗೆ ದಬ್ ಎಂದಿತು. ಬಾಯಿಯ ಅಂಚಿನಲ್ಲಿ ಗಜಕ್ಕೆ ಉಗುರಿನಿಂದ ಗುರುತು ಹಾಕಿ, ಹೊರಗೆ ತೆಗೆದು, ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿದಳು: ತಳಕ್ಕೆ ನಾಲ್ಕು ಬೆರಳು ಕಡಿಮೆ. ಅಂದರೆ ಅಪ್ಪ ಅಣ್ಣನಿಗೆ ಕೊಟ್ಟ ಈ ಕೋವಿ ಹದಿನೇಳು ವರ್ಷ ಅವನ ನಡುಮನೆಯಲ್ಲಿ, ನೆಂಟರು ಹೇಳುವ ಹಾಗೆ ಸೋಫಾದ ಮೇಲಿನ ಗೋಡೆಯಲ್ಲಿ, ಹೊಟ್ಟೆತುಂಬ ಮದ್ದು ತುಂಬಿಕೊಂಡು ನೇತಾಡಿದೆ. ಅದರ ಕೆಳಗೆ ಅತ್ತಿಗೆ ತರಕಾರಿ ಹೆಚ್ಚಿದ್ದಾಳೆ, ಮಕ್ಕಳು ಪಾಠ ಓದಿದ್ದಾರೆ. ಅಪ್ಪನ ಕೆಲಸವಲ್ಲ ಇದು. ಅಪ್ಪ ಊಟದ ತಟ್ಟೆಯನ್ನಾದರೂ ತೊಳೆಯದೆ ಬಿಟ್ಟಾನು, ನಳಿಗೆಯನ್ನು ಬಿಡುತ್ತಿರಲಿಲ್ಲ. ಅಣ್ಣ ಯಾರೋ ಗೆಳೆಯರೆದುರು ಜಂಬಕ್ಕೆ ತುಂಬಿ, ಹತ್ತದೆ ಹೋದಾಗ ನಗೆಪಾಟಲಾಗಿ, ಹಾಗೇ ಗೋಡೆಗೆ ತೂಗುಹಾಕಿ ಮರೆತಿರಬೇಕು. ಅವನು ಮರೆಯುವುದರಲ್ಲಿ ಗಟ್ಟಿಗ. ಕೇಪು ಕೂರುವ ಮೊಲೆಯನ್ನು ಬಿಚ್ಚಿ ಅಲ್ಲಿಂದ ಎಣ್ಣೆ ಬಿಟ್ಟು ಮದ್ದನ್ನು ನೆನೆಯಿಸಿದಳು. ನೆನೆಯುವುದಕ್ಕೆ ಇಡೀ ಮಧ್ಯಾಹ್ನ ಬೇಕಾಯಿತು. ಆಮೇಲೆ ಗಜದ ತುದಿಗೆ ತಿರುಪು ಮೊಳೆ ಸಿಕ್ಕಿಸಿ, ನಳಿಗೆಯ ಬಾಯಿಗೆ ಮುಖ ಅಡ್ಡ ಬರದಂತೆ ಪಕ್ಕಕ್ಕೆ ನಿಂತು, ಕಚ್ಚಿಸಿ ಎಳೆದಳು. ಮೊದಲು ಕೊಳೆತ ಬಟ್ಟೆ, ಆಮೇಲೆ ಬೂದು ಬಣ್ಣದ ಗುಂಡು, ಕೊನೆಗೆ ಕಾಡಿಗೆಯಂಥ ಕೆಸರು. ಅದನ್ನೆಲ್ಲ ಡಬ್ಬಿಯ ಮುಚ್ಚಳದಲ್ಲಿ ಹಾಕಿಟ್ಟು ನೋಡುತ್ತ, ಇಷ್ಟನ್ನು ತಾನು ಈಗ ಅವನ ಮನೆಯಿಂದ ಬಿಟ್ಟಿಯಾಗಿ ಹೊರಗೆ ತೆಗೆದುಕೊಟ್ಟ ಹಾಗಾಯಿತಲ್ಲ ಎನ್ನಿಸಿ ಬಾಯಿ ಕಹಿಯಾಯಿತು.

ಮಾರನೆಯ ದಿನ ನಳಿಗೆಯನ್ನು ಬಿಸಿನೀರಲ್ಲಿ ತೊಳೆದು, ಹಿಡಿಮರದಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ಬೆಳಕು ಉಂಗುರ ಉಂಗುರವಾಗಿ ಸರಿಯಾಗಿ ಓಡಿತು. ಹೊರಗೆ ಸೀಮೆಎಣ್ಣೆ ಸವರಿ, ಒರೆಸಿ, ತೆಳ್ಳಗೆ ಸುಣ್ಣ ಬಳಿದು ಕಾದಳು. ಕಣ್ಣಿಗೆ ಕಾಣದ ಬಿರುಕಿದ್ದರೆ ಅದು ಕುಡಿದಿಟ್ಟುಕೊಂಡ ಸೀಮೆಎಣ್ಣೆ ಸುಣ್ಣದ ಮೇಲೆ ಬೆವರುತ್ತದೆ. ಈ ಉಪಾಯ ಅಪ್ಪ ಅಣ್ಣನಿಗೆ ಹೇಳಿಕೊಡುವಾಗ ಅವಳು ಬಾಗಿಲ ಹತ್ತಿರ ಕಸಬರಿಕೆ ಹಿಡಿದು ನಿಂತು ಕಲಿತದ್ದು. ಅಣ್ಣ ಆಕಳಿಸುತ್ತಿದ್ದ. ಅಪ್ಪನಿಗೂ ಗೊತ್ತಿತ್ತು, ಮಗನಿಗೆ ಹೇಳಿದ್ದು ಮಗಳ ಕಿವಿಗೆ ಹೋಗಿ ಕೂರುತ್ತದೆ ಎಂದು. ಗೊತ್ತಿದ್ದೂ ಪಾಠ ಹೇಳುವಾಗ ಮುಖ ಮಗನ ಕಡೆಗೇ ಇಡುತ್ತಿದ್ದ. ಮುಂದೆ ಅಪ್ಪನ ಕೈ ನಡುಗತೊಡಗಿದಾಗ ಅವನ ಕೋವಿ ಅಂಗಡಿಯ ತಪಾಸಣೆಯೆಲ್ಲ ಅವಳದಾಯಿತು, ಗಿರಾಕಿಗಳ ಎದುರು ಕೂರುವ ಕುರ್ಚಿ ಅಣ್ಣನದು. ಊರಿನ ಅಂಚೆಯವನ ಕೋವಿ ತಪಾಸಣೆಗೆ ಬಂದದ್ದು ಆಗಲೇ. ಸುಣ್ಣದ ಮೇಲೆ ತಲೆಗೂದಲಿನಷ್ಟು ಒಂದು ಗೆರೆ ಕಂಡಿತ್ತು, ಮಾಯವಾಗಿತ್ತು, ಮತ್ತೆ ಕಂಡ ಹಾಗಾಗಿತ್ತು. ‘ಅಣ್ಣಾ, ಇನ್ನೊಂದ್ಸಲ ನೋಡೋಣ’ ಅಂದಿದ್ದಳು. ‘ನೀನು ಗೆರೆ ಹುಡುಕ್ತಾ ಕೂತ್ರೆ ಆಯ್ತು, ಗಿರಾಕಿ ಹೊರಗೆ ಕಾಯ್ತಿದಾನೆ, ಬರಿ’ ಅಂದಿದ್ದ. ಅವಳು ಬರೆದಳು. ‘ಸರಿಯಿದೆ’ ಎಂದು ತನ್ನ ದುಂಡಗಿನ ಅಕ್ಷರದಲ್ಲಿ, ಕೊಂಬು ದೀರ್ಘ ಒಂದೂ ತಪ್ಪದ ಹಾಗೆ. ಎರಡು ವಾರದ ಮೇಲೆ ಆ ನಳಿಗೆ ಒಡೆದು ಅಂಚೆಯವನ ಎಡಗೈಯ ಮೂರು ಬೆರಳು ಹೋದವು.

ಸುಣ್ಣ ಒಣಗಿತು. ಅಪ್ಪನ ನಳಿಗೆಯ ಮೇಲೆ ಗೆರೆ ಏನೂ ಏಳಲಿಲ್ಲ. ಅವಳಿಗೆ ನಿರಾಸೆಯಾಯಿತು. ಆದದ್ದು ನಿರಾಸೆಯೇ ಎಂದು ಗೊತ್ತಾಗಿ, ಮೇಸ್ತ್ರಿಯ ಪೊರೆ ಬಂದ ಕಣ್ಣಿಗೂ ಅದು ಕಂಡುಬಿಟ್ಟಿತೇನೋ ಎಂದು ಆ ಕಡೆ ನೋಡಿದಳು. ಅವನು ರೇಡಿಯೋಗೆ ಕಿವಿಗೊಟ್ಟು ಕೂತಿದ್ದ.

ಕಾರ್ಖಾನೆಯ ಹಿಂದೆ ಹಳೆಯ ಕಲ್ಲುಗಣಿಯ ಹಳ್ಳ. ಅಲ್ಲಿ ಕಲ್ಲಿನ ಕಟ್ಟೆಯ ಮೇಲೆ ಲಾರಿಯ ಟೈರು, ಟೈರಿನೊಳಗೆ ಕೋವಿಯನ್ನು ಕೂರಿಸಿ ಬೆಲ್ಟು ಬಿಗಿಯುವುದು, ಎದುರಿಗೆ ಮಣ್ಣಿನ ದಿಬ್ಬ, ಮೂವತ್ತು ಹೆಜ್ಜೆ ಹಿಂದೆ ಎದೆಯೆತ್ತರದ ಗೋಡೆ. ಕುದುರೆಯ ಕೆಳಗಿನ ಕೀಲಿಗೆ ಕಟ್ಟಿದ ಹುರಿ ಗೋಡೆಯ ತನಕ. ಮೊದಲ ಗುಂಡಿಗೆ ಅರ್ಧ ಅಳತೆ ಮದ್ದು. ಎಲ್ಲ ತುಂಬಿ, ಗಜವನ್ನು ಹೊರಗಿಟ್ಟು, ಸುತ್ತ ಯಾರೂ ಇಲ್ಲವೆಂದು ಎರಡು ಸಲ ಕೂಗಿ, ಕೇಪನ್ನು ಕಟ್ಟಕಡೆಗೆ ಏರಿಸಿ, ಗೋಡೆಯ ಹಿಂದೆ ಕೂತು ಎಳೆದಳು. ಕೋವಿ ಕೆಮ್ಮಿತು. ಹೊಗೆ ಆರುವ ತನಕ ಕಾದು ಹೋಗಿ ನೋಡಿದರೆ ಏನೂ ಆಗಿರಲಿಲ್ಲ. ಎರಡನೆಯದಕ್ಕೆ ಪೂರ್ತಿ ಅಳತೆ. ಆಗಲೂ ಏನೂ ಆದಂತೆ ಕಾಣಲಿಲ್ಲ. ಆದರೆ ನಳಿಗೆಯನ್ನು ಮತ್ತೆ ಬಿಡಿಸಿ, ತೊಳೆದು, ಸೀಮೆಎಣ್ಣೆ ಸವರಿ, ಸುಣ್ಣ ಬಳಿದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ನೋಡಿದಾಗ ಅಡಿಭಾಗದಲ್ಲಿ, ಹಿಡಿಮರದೊಳಗೆ ಹುದುಗಿರುವ ಕಡೆ, ಅಂಗುಲವೊಂದರ ಉದ್ದಕ್ಕೆ ಕಪ್ಪು ನೂಲು ಎದ್ದಿತ್ತು. ಗುರಿ ಹಿಡಿದಾಗ ಎಡಗೈ ಬಂದು ಕೂರುವ ಜಾಗದ ನೇರ ಮೇಲೆ.

ಅವಳು ಸ್ಟೂಲಿನ ಮೇಲೆ ಕೂತಳು. ಮೈಯೆಲ್ಲ ಹಗುರಾಯಿತು, ಜ್ವರ ಬಿಟ್ಟವರ ಹಾಗೆ. ಕ್ಲಬ್ಬಿನವರು ಸ್ಪರ್ಧೆಗೆ ಹಾಕುವ ಮದ್ದು ಇದಕ್ಕಿಂತ ಹೆಚ್ಚು. ಒಂದನೆಯ ಗುಂಡಿಗೆ ತಡೆದೀತು, ಎರಡನೆಯದಕ್ಕೂ ತಡೆದೀತು. ಒಂದು ಶಬ್ದ ಬರೆದರೆ ಸಾಕು. ಅದೇ ಶಬ್ದ, ಅದೇ ಅಕ್ಷರ. ಅಂಚೆಯವನ ಪ್ರಕರಣಕ್ಕೆ ಅಧಿಕಾರಿ ವಿಚಾರಣೆಗೆ ಬಂದ ದಿನ ಅಣ್ಣ ಪುಸ್ತಕ ತೆರೆದು ಆ ಶಬ್ದದ ಮೇಲೇ ಬೆರಳಿಟ್ಟಿದ್ದ. ‘ಅಕ್ಷರ ಯಾರ್ದು ನೋಡಿ ಸಾರ್. ಹೆಣ್ಣುಮಗಳು, ಪಾಪ, ಗೊತ್ತಾಗ್ಲಿಲ್ಲ.’ ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಒರೆಸಿದ, ಒರೆಸಿದ, ಗಾಜು ಕರಗಿ ಹೋಗುತ್ತದೇನೋ ಅನ್ನುವ ಹಾಗೆ ಒರೆಸಿ, ‘ಅವಳ ಕಣ್ಣು ಮೊದ್ಲಿಂದಾನೂ ಅಷ್ಟಕ್ಕಷ್ಟೆ’ ಅಂದ. ಆ ಮನೆಯಲ್ಲಿ ಸೂಜಿಗೆ ದಾರ ಪೋಣಿಸಬೇಕಾದರೆ ಎಲ್ಲರೂ ಕೂಗುತ್ತಿದ್ದದ್ದು ಅವಳನ್ನು. ಮಾರನೆಯ ದಿನ ಅವಳ ಕೆಲಸದ ಏಪ್ರನ್ನು, ಊಟದ ಡಬ್ಬಿ ಅಂಗಡಿಯ ಮೆಟ್ಟಿಲ ಮೇಲಿದ್ದವು. ಡಬ್ಬಿಯನ್ನು ತೊಳೆದು ಇಟ್ಟಿದ್ದರು. ಅದನ್ನು ನೆನೆದರೆ ಅವಳಿಗೆ ಈಗಲೂ ಕಿವಿ ಬಿಸಿಯಾಗುತ್ತದೆ: ಯಾರೋ ಕೂತು ಸಾವಧಾನವಾಗಿ ಆ ಡಬ್ಬಿ ತೊಳೆದಿದ್ದರು.

ಇದೆಲ್ಲ ಅಣ್ಣನ ಲೆಕ್ಕಕ್ಕೆ ಎಂದು ಅವಳು ಬಹಳ ವರ್ಷ ನಿಶ್ಚಿಂತೆಯಿಂದ ದ್ವೇಷಿಸಿದ್ದಳು. ಆದರೆ ಮದುವೆಯಾದ ಮೇಲೆ ಒಂದು ಬೆಳಿಗ್ಗೆ ಗಂಡನ ಹೆಸರಿಗೆ ರಿಜಿಸ್ಟರ್ಡ್ ಕಾಗದ ಬಂತು. ತಂದವನು ಅದೇ ಅಂಚೆಯವನು; ಹಾಳೆಯನ್ನು ತನ್ನ ಚೀಲದ ಮೇಲಿಟ್ಟು, ಗಾಳಿಗೆ ಹಾರದಂತೆ ಎಡಗೈಯ ಹೆಬ್ಬೆರಳು, ಉಳಿದ ಒಂದೇ ಬೆರಳಿನಿಂದ ಒತ್ತಿ ಹಿಡಿದು, ‘ಇಲ್ಲಿ ಸಹಿ ಮಾಡಿ ತಾಯೀ, ಅವಸರ ಇಲ್ಲ’ ಅಂದ. ತನ್ನ ದುಂಡಗಿನ ಅಕ್ಷರವನ್ನು ಅವನು ಗುರುತು ಹಿಡಿದಾನೆಂಬ ಭಯಕ್ಕೆ ಅವಳು ಕೋಳಿ ಕೆದರಿದ ಹಾಗೆ ಗೀಚಿದಳು. ಅವನು ಅದನ್ನು ನೋಡಿ, ‘ಕೈಗೆ ಏನಾದ್ರೂ ಆಗಿದ್ಯಾ?’ ಎಂದು ಕನಿಕರದಿಂದ ಕೇಳಿದ. ಅವತ್ತಿನಿಂದ ದ್ವೇಷ ಮೊದಲಿನಷ್ಟು ಶುದ್ಧವಾಗಿ ಉಳಿಯಲಿಲ್ಲ. ಹಾಗಾಗಿಯೇ ಇನ್ನಷ್ಟು ಬೆಳೆಯಿತು.

‘ಸರಿಯಿದೆ’ ಎಂದು ತಾನು ಬರೆಯಲಾರೆನೆಂದು ಅವಳಿಗೆ ಗೊತ್ತಿತ್ತು. ಮೇಸ್ತ್ರಿಯ ಸಹಿ ಅದರ ಕೆಳಗೆ ಬೀಳಬೇಕು. ಅದಲ್ಲದೆ ಆ ಶಬ್ದವನ್ನು ಬೆರಳುಗಳು ಎರಡನೆಯ ಸಲ ಬರೆಯುವುದಿಲ್ಲ. ಪುಸ್ತಕದಲ್ಲಿ ‘ಬಿರುಕಿದೆ, ಹಾರಿಸತಕ್ಕದ್ದಲ್ಲ’ ಎಂದು ಬರೆದು ದಿನಾಂಕ ಹಾಕಿದಳು. ಹಾಕುವಾಗಲೇ ಇನ್ನೊಂದು ಯೋಚನೆ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂತಿತು. ಅಣ್ಣನನ್ನು ಅವಳು ಬಲ್ಲಳು. ಬೇಡ ಅಂದರೆ ಅದನ್ನೇ ಮಾಡುವವನು, ಅದೂ ತಂಗಿ ಬೇಡ ಅಂದರೆ. ಚಿಕ್ಕವನಿದ್ದಾಗ ‘ಬಿಸಿ ಇದೆ ಕಣೋ’ ಎಂದು ಅವಳು ಕೂಗಿದ್ದಕ್ಕೇ ಪಾತ್ರೆಗೆ ಕೈ ಹಾಕಿದವನು. ನಿಜವನ್ನೇ ಹೇಳಬೇಕು, ಆದರೆ ಹೇಳುವ ದನಿ ಆರಿಸಿಕೊಳ್ಳಬೇಕು. ಆಗ ಪುಸ್ತಕವೂ ಶುದ್ಧ, ಕೈಯೂ ಶುದ್ಧ. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಶನಿವಾರ ಹನ್ನೊಂದು ಗಂಟೆಗೆ ಅಣ್ಣ ತಾನೇ ಬಂದ. ದಪ್ಪಗಾಗಿದ್ದ, ಕೂದಲಿಗೆ ಬಣ್ಣ ಹಾಕಿದ್ದ, ಕತ್ತು ಅಪ್ಪನದೇ ಆಗಿತ್ತು. ಕತ್ತನ್ನು ನೋಡಬಾರದು ಎಂದು ಅವಳು ಅವನ ಬೂಟು ನೋಡಿದಳು. ಕೂರಲು ಕುರ್ಚಿ ಹುಡುಕಿದ. ಇದ್ದ ಒಂದರಲ್ಲಿ ಮೇಸ್ತ್ರಿ ಕೂತಿದ್ದ, ಏಳಲಿಲ್ಲ.

‘ಆಯ್ತಾ?’

‘ಆಯ್ತು. ಎರಡು ಗುಂಡು ಹೊಡೆದು ನೋಡಿದೆ. ಹಾರಿಸೋ ಹಾಗಿಲ್ಲ. ಅಡಿಯಲ್ಲಿ ಬಿರುಕು ಬಿಟ್ಟಿದೆ.’

‘ಎಲ್ಲಿ?’

‘ತೋರಿಸಿದ್ರೆ ನಿನಗೆ ಕಾಣುತ್ತಾ?’

ಅದು ಸರಿಯಾದ ದನಿ. ಅವನ ಕಿವಿಯ ಹಾಲೆ ಕೆಂಪಾದದ್ದನ್ನು ನೋಡಿ ಅವಳು ಇನ್ನೊಂದು ಹೆಜ್ಜೆ ಇಟ್ಟಳು. ‘ಮದ್ದು ತುಂಬಿದ ಕೋವಿನ ಹದಿನೇಳು ವರ್ಷ ಮಕ್ಕಳ ತಲೆ ಮೇಲೆ ನೇತುಹಾಕ್ಕೊಂಡಿದ್ದೆ. ನಿನಗೆ ಯಾಕೆ ಬೇಕು ಕೋವಿ? ಗೋಡೆಗೆ ಹಾಕ್ಕೊಂಡು ನೋಡು, ಸಾಕು. ಹಾರಿಸೋದು ಗೊತ್ತಿರೋರು ಹಾರಿಸ್ತಾರೆ.’

‘ನೋಡು,’ ಎಂದ ಅಣ್ಣ, ದನಿ ಇಳಿಸಿ, ಮೇಸ್ತ್ರಿಗೆ ಕೇಳಿಸದಿರಲಿ ಎಂದು. ‘ನಿನ್ನ ಹೊಟ್ಟೆಕಿಚ್ಚು ಗೊತ್ತಿಲ್ವಾ ನನಗೆ? ಅಪ್ಪ ಕೋವಿ ನನಗೆ ಕೊಟ್ಟ, ಅದು ನಿನಗೆ ಇವತ್ತಿಗೂ ಅರಗಿಲ್ಲ. ಬಿರುಕಂತೆ. ಒಂದ್ಸಲ ನಿನ್ನ ಕಣ್ಣು ನಂಬಿ ಕೆಟ್ಟಿದ್ದು ಸಾಕು ನಮ್ಮ ಮನೆ.’

ಅವನು ನಂಬಿದ್ದಾನೆ, ಅದನ್ನು ನಿಜವೆಂದೇ ನಂಬಿದ್ದಾನೆ ಎಂದು ಅವಳಿಗೆ ಆಗ ಹೊಳೆಯಿತು. ತಾನು ಹೇಳಿದ ಸುಳ್ಳನ್ನು ಎಷ್ಟು ವರ್ಷ ತಿಂದು ತೇಗಿದ್ದಾನೆಂದರೆ ಅದು ಅವನಿಗೆ ಮೈಗೂಡಿ ಹೋಗಿದೆ. ‘ಪತ್ರ ಕೊಡದಿದ್ರೆ ಬಿಡು, ಕ್ಲಬ್ಬಿನ ಕಾರ್ಯದರ್ಶಿ ನನ್ನ ಸ್ನೇಹಿತ, ಒಂದು ಮಾತು ಹೇಳಿದ್ರೆ ಆಗುತ್ತೆ’ ಎಂದು ಅವನು ಕೋವಿಯನ್ನು ಎತ್ತಿಕೊಂಡ. ಎತ್ತಿಕೊಂಡವನು ಸುಮ್ಮನೆ ಹೋಗಲಿಲ್ಲ, ಬಾಗಿಲ ಬೆಳಕಿನಲ್ಲಿ ನಿಂತು ಅದನ್ನು ಭುಜಕ್ಕೇರಿಸಿ ಬೀದಿಯಾಚೆಯ ಯಾವುದೋ ಸೂರಿಗೆ ಗುರಿ ಹಿಡಿದ. ಅವನ ಎಡಗೈ ಹೋಗಿ ಸರಿಯಾಗಿ ಆ ಜಾಗದಲ್ಲಿ ಕೂತಿತು. ದಪ್ಪ ಬೆರಳುಗಳು, ಒಂದರಲ್ಲಿ ಉಂಗುರ ಮಾಂಸದೊಳಗೆ ಹೂತಿತ್ತು. ಎಲ್ಲ ಅವಳು ಅಂದುಕೊಂಡ ಹಾಗೇ ನಡೆಯುತ್ತಿತ್ತು. ಅವಳು ಇನ್ನು ಸುಮ್ಮನಿದ್ದರೆ ಸಾಕು.

ಆ ಕ್ಷಣದಲ್ಲಿ ಅವಳನ್ನು ತಡೆದದ್ದು ಕರುಣೆಯಲ್ಲ. ಆಮೇಲೆ ಎಷ್ಟು ಕೆದಕಿ ನೋಡಿದರೂ ಕರುಣೆಯ ಒಂದು ಹನಿಯೂ ಅಲ್ಲಿ ಸಿಗಲಿಲ್ಲ. ಬಂದ ಯೋಚನೆ ಇಷ್ಟೆ: ನಾಳೆ ಕ್ಲಬ್ಬಿನಲ್ಲಿ ಒಡೆದರೆ ನಾನು ಅಲ್ಲಿರುವುದಿಲ್ಲವಲ್ಲ. ಯಾರೋ ಓಡಿ ಬರುತ್ತಾರೆ, ಯಾರೋ ಬಟ್ಟೆ ಸುತ್ತುತ್ತಾರೆ, ಅವನ ಮುಖ ನೋಡುವುದು ಅವರು. ಹದಿನೇಳು ವರ್ಷ ಕಾದದ್ದು ಕಂಡವರು ನೋಡಲಿ ಎಂದೇ? ನನಗೆ ಸುದ್ದಿ ಮಾತ್ರ ಬರುತ್ತದೆ, ಅದೂ ಎರಡು ದಿನ ತಡವಾಗಿ. ಅವಳಿಗೆ ಅದು ತಡೆಯಲಾಗದಷ್ಟು ಅನ್ಯಾಯ ಅನ್ನಿಸಿತು.

‘ನನ್ನ ಕಣ್ಣು ಬೇಡ,’ ಎಂದಳು. ‘ನಿನ್ನ ಕಣ್ಣಲ್ಲೇ ನೋಡು. ಮದ್ದು ನೀನೇ ಅಳಿ, ಗುಂಡು ನೀನೇ ಹಾಕು, ದಾರ ನೀನೇ ಎಳಿ. ಮೇಸ್ತ್ರಿ ಸಾಕ್ಷಿ. ಒಡೀದೆ ಇದ್ರೆ ಪತ್ರ ಬರೆದುಕೊಟ್ಟು, ನಿನ್ನ ಕಾಲಿಗೂ ಬೀಳ್ತೀನಿ.’

‘ಬೀಳ್ತೀಯಾ?’ ಎಂದ ಅಣ್ಣ. ಚಿಕ್ಕಂದಿನ ನಗೆ ಅವನ ಮುಖದಲ್ಲಿ ಸುಳಿಯಿತು.

ಹಳ್ಳದಲ್ಲಿ ಬಿಸಿಲಿತ್ತು. ಅವನು ಕಾರಿನಿಂದ ತರಿಸಿದ ತನ್ನ ಹೊಸ ಮದ್ದಿನ ಬುರುಡೆಯಿಂದ ಸ್ಪರ್ಧೆಯ ಅಳತೆಯಷ್ಟೇ ಸುರಿದ, ಗಜದಿಂದ ಗುಂಡನ್ನು ತಳದ ತನಕ ದಬ್ಬಿದ. ಅಪ್ಪ ಕಲಿಸಿದ್ದು ಅಷ್ಟಾದರೂ ನೆನಪಿತ್ತು. ಕೋವಿಯನ್ನು ಟೈರಿಗೆ ಬಿಗಿದ ಮೇಲೆ ಅವಳು ಕಾರ್ಖಾನೆಯೊಳಗೆ ಹೋಗಿ, ಬೆಸುಗೆ ಕೆಲಸದ ಚರ್ಮದ ಕೈಗವುಸೊಂದನ್ನು ತಂದು, ಅದರ ಐದು ಬೆರಳಿಗೂ ಮರದ ಹೊಟ್ಟು ಗಿಡಿದು ತುಂಬಿ, ಹಿಡಿಮರದ ಕೆಳಗೆ ಎಡಗೈ ಕೂರುವಲ್ಲಿ ತಂತಿಯಿಂದ ಕಟ್ಟಿದಳು.

‘ಅದೇನದು?’

‘ನೀನು.’

ಮೇಸ್ತ್ರಿ ಗೋಡೆಯ ಹಿಂದಿನಿಂದ, ‘ಬನ್ರಪ್ಪಾ, ಈಚೆಗೆ ಬನ್ನಿ’ ಎಂದು ಕೂಗಿದ. ಕೇಪು ಏರಿಸಿ ಕಡೆಯದಾಗಿ ಬಂದವಳು ಅವಳು. ಅಣ್ಣ ಹುರಿಯನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡ. ಗೋಡೆಯ ಹಿಂದೆ ಇಬ್ಬರೂ ಮಂಡಿಯೂರಿ ಕೂತಿದ್ದರು, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ. ಅವನ ಬೆವರು, ಕೂದಲಿನ ಬಣ್ಣದ ವಾಸನೆ. ಅವಳು ದಿಬ್ಬವನ್ನಲ್ಲ, ಅವನ ಮುಖವನ್ನು ನೋಡಿಕೊಂಡಿದ್ದಳು.

ಸದ್ದು ಹಿಂದಿನ ಎರಡರ ಹಾಗಿರಲಿಲ್ಲ. ತಗಡು ಸೀಳಿದಂತೆ, ಅಗಲವಾಗಿ ಬಂತು. ಏನೋ ಒಂದು ಗೋಡೆಗೆ ಬಡಿದು ಆಚೆ ಬಿತ್ತು. ಮೇಸ್ತ್ರಿ ‘ಅಯ್ಯಪ್ಪಾ’ ಅಂದ. ಹೊಗೆ ತೆಳುವಾದ ಮೇಲೂ ಬಹಳ ಹೊತ್ತು ಯಾರನ್ನೂ ಏಳಗೊಡದೆ ಕೂರಿಸಿ, ಆಮೇಲೆ ಅವಳು ಮುಂದೆ, ಅವನು ಹಿಂದೆ ಹೋದರು. ನಳಿಗೆ ಅಡಿಯಲ್ಲಿ ಬಾಳೆಸಿಪ್ಪೆಯ ಹಾಗೆ ಬಿರಿದು ಹೊರಗೆ ಮಗುಚಿತ್ತು. ಅಪ್ಪ ತನ್ನ ಮುದ್ರೆ ಒತ್ತಿದ್ದ ತುಂಡು ಕಟ್ಟೆಯ ಕೆಳಗೆ ಬಿದ್ದಿತ್ತು. ಕೈಗವುಸಿನಲ್ಲಿ ಹೆಬ್ಬೆರಳು ಮಾತ್ರ ತಂತಿಗೆ ಅಂಟಿಕೊಂಡಿತ್ತು. ಮಿಕ್ಕದ್ದು ಚಿಂದಿ, ಹೊಟ್ಟು ಕಟ್ಟೆಯ ಮೇಲೆಲ್ಲ ಹರಡಿ ಹೊಗೆಯಾಡುತ್ತಿತ್ತು.

ಅಣ್ಣ ಅದನ್ನು ನೋಡಿದ. ಬಾಯಿ ತೆರೆದುಕೊಂಡಿತು. ಕೆಳತುಟಿ ಅಳುವ ಮೊದಲು ಮಗುವಿನದು ನಡುಗುವ ಹಾಗೆ ನಡುಗಿತು. ಅವಳು ಒಂದನ್ನೂ ಬಿಡದೆ ನೋಡಿದಳು: ಬಿಳಿಚಿದ ಕೆನ್ನೆ, ಕಿವಿಯ ಹಿಂದೆ ಇಳಿದ ಬಣ್ಣದ ಹನಿ. ಇದಕ್ಕಾಗಿಯೇ ಕಾದದ್ದು. ಸಿಹಿಯಾಗಿತ್ತು, ಇಲ್ಲವೆನ್ನಲು ಅವಳಿಗೆ ಸಾಧ್ಯವಿಲ್ಲ. ಆದರೆ ಎಷ್ಟು ಬೇಗ ಮುಗಿಯಿತು! ಅವನು ತುಟಿ ಬಿಗಿದುಕೊಂಡ. ಕತ್ತು ನೆಟ್ಟಗಾಯಿತು.

‘ನೀನು ಮೊದ್ಲೇ ಎರಡು ಸಲ ಹೊಡೆದು ಹಾಳು ಮಾಡಿಟ್ಟಿದ್ದೆ’ ಎಂದ. ‘ಅಪ್ಪನ ಕೋವಿ. ಬೇಕು ಅಂತ್ಲೇ ಮಾಡಿದೆ.’

‘ಹೌದು,’ ಎಂದಳು ಅವಳು. ‘ಅಂಚೆಯವನದ್ದು ಮಾತ್ರ ಬೇಕು ಅಂತ ಮಾಡಿದ್ದಲ್ಲ. ಅದು ನೀನು ಬರಿ ಅಂದೆ, ನಾನು ಬರೆದೆ. ಇಬ್ಬರೂ ಸೇರಿ ಮಾಡಿದ್ದು.’

ಇಬ್ಬರೂ ಎಂಬ ಶಬ್ದ ಬಾಯಿಂದ ಬಿದ್ದದ್ದು ಅವಳಿಗೇ ಹೊಸದು. ಇಷ್ಟು ವರ್ಷ ಅಣ್ಣನೆದುರು ಆಡಬೇಕೆಂದು ಸಾಣೆ ಹಿಡಿದಿಟ್ಟ ಮಾತುಗಳಲ್ಲಿ ಆ ಶಬ್ದ ಎಲ್ಲೂ ಇರಲಿಲ್ಲ. ಅವನು ಬಗ್ಗಿ ಒಂದೊಂದೇ ತುಂಡನ್ನು ಬಲಗೈಯಲ್ಲಿ ಆರಿಸಿ ಹಾಸುಬಟ್ಟೆಗೆ ಹಾಕಿಕೊಂಡ, ಗಂಟು ಕಟ್ಟಲು ಬಾರದೆ ಹಾಗೇ ಅವುಚಿಕೊಂಡು ಹೋದ. ಕಾರಿನ ಬಾಗಿಲನ್ನು ಡ್ರೈವರ್ ತೆರೆದುಕೊಟ್ಟ.

‘ಒಳ್ಳೇ ಕೆಲಸ ಮಾಡಿದೆ ಬಿಡು’ ಎಂದ ಮೇಸ್ತ್ರಿ. ಅವಳು ಹೊಟ್ಟು ಗುಡಿಸಿದಳು.

ಭಾನುವಾರವೆಲ್ಲ ನೆಂಟರ ಫೋನುಗಳು. ತಂದೆಯ ನೆನಪಿಗೆ ಉಳಿದಿದ್ದ ಒಂದು ವಸ್ತುವನ್ನು ಮತ್ಸರಕ್ಕೆ ಪುಡಿ ಮಾಡಿದವಳು ಎಂದು ದೊಡ್ಡಮ್ಮ ಅತ್ತಳು. ಚಿಕ್ಕಪ್ಪ ನಿನ್ನ ಮುಖ ನೋಡಬಾರದು ಎಂದ. ಅವಳು ಎಲ್ಲರಿಗೂ ‘ಹೂಂ’ ಅಂದಳು. ಸೋಮವಾರ ಮಧ್ಯಾಹ್ನ ಅತ್ತಿಗೆಯ ಫೋನು ಬಂತು. ಅತ್ತಿಗೆ ಅವಳೊಂದಿಗೆ ಮಾತಾಡಿದ್ದೇ ಕಡಿಮೆ. ದನಿ ತಗ್ಗಿಸಿದ್ದಳು, ಸ್ನಾನದ ಮನೆಯಿಂದ ಮಾತಾಡುವವರ ಹಾಗೆ.

‘ಅಲ್ಲೇನಾಯ್ತು ಹೇಳು, ಯಾರ ಹತ್ರಾನೂ ಹೇಳಲ್ಲ. ಬಂದಾಗಿಂದ ಎಡಗೈನ ಜೇಬಿಂದ ಆಚೆ ತೆಗೀತಿಲ್ಲ ಇವರು. ಊಟಕ್ಕೆ ಕೂತಾಗ್ಲೂ ತೊಡೆ ಕೆಳಗೆ ಇಟ್ಕೊಂಡಿರ್ತಾರೆ. ಗಾಯ ಏನಾದ್ರೂ ಆಯ್ತಾ?’

‘ಇಲ್ಲ ಅತ್ತಿಗೆ.’

‘ನಿಜ ಹೇಳು.’

‘ನಿಜ. ಐದೂ ಇವೆ.’ ಅವಳು ನಿಲ್ಲಿಸಿದಳು. ಹೇಳಬಾರದೆಂದುಕೊಂಡದ್ದನ್ನು ಹೇಳಿಬಿಟ್ಟಳು. ‘ನಾನೇ ಉಳಿಸಿದೆ.’

ಹೆಮ್ಮೆಯಿಂದ ಹೇಳಬೇಕಾದ ಮಾತು. ಆದರೆ ಕೈಗೆ ಬಂದದ್ದನ್ನು ಕಳೆದುಕೊಂಡವಳ ಹಾಗೆ ಅವಳ ದನಿ ಒಡೆಯಿತು. ಅದು ಅತ್ತಿಗೆಗೂ ಕೇಳಿಸಿರಬೇಕು. ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು ಬಹಳ ಹೊತ್ತು ಬರುತ್ತಿತ್ತು, ಇಬ್ಬರೂ ಫೋನು ಇಡಲಿಲ್ಲ.